ಮಕ್ಕಳು ತಾವಾಗಿ ಸಾಫ್ಟ್‌ವೇರ್ ಹಾಕದಂತೆ ತಡೆಯಲು

ಎಲ್ಲರ ಗಮನಕ್ಕೆ: ವಿಂಡೋಸ್ 11ರಲ್ಲಿ ಮಗುವಿಗೆ ಬೇರೆಯೇ ಖಾತೆ ಮಾಡಿಕೊಡಿ (ಸೆಟ್ಟಿಂಗ್ಸ್ > ಅಕೌಂಟ್ಸ್ > ಅದರ್ ಯೂಸರ್ಸ್). ಅದು ‘ಸ್ಟ್ಯಾಂಡರ್ಡ್ ಯೂಸರ್’ (ಸೀಮಿತ ಅಧಿಕಾರದ ಖಾತೆ) ಆಗಿರಲಿ. ಅಡ್ಮಿನಿಸ್ಟ್ರೇಟರ್ (ಪೂರ್ಣ ಅಧಿಕಾರದ) ಖಾತೆ ನಿಮ್ಮದೊಂದೇ, ಅದಕ್ಕೆ ಪಾಸ್‌ವರ್ಡ್ ಇರಲೇಬೇಕು. ಖಾಲಿ ಬಿಟ್ಟರೆ, ಅನುಮತಿ ಕೇಳಿದಾಗ ಮಗು ‘ಯೆಸ್’ ಒತ್ತಿದರೆ ಮುಗೀತು.

ಇಷ್ಟಕ್ಕೇ ನಿಲ್ಲಿಸಬೇಡಿ, ಹೆಚ್ಚಿನವರು ಎಡವೋದು ಇಲ್ಲೇ. ಕೆಲವು ಬ್ರೌಸರ್, ಚಾಟ್, ಗೇಮ್‌ಗಳು ಸಾಫ್ಟ್‌ವೇರ್ ಸಾಮಾನ್ಯವಾಗಿ ಕೂರುವ ‘ಪ್ರೋಗ್ರಾಂ ಫೈಲ್ಸ್’ ಬಿಟ್ಟು ಮಗುವಿನ ಖಾತೆಯದೇ ‘ಆಪ್‌ಡೇಟಾ’ ಫೋಲ್ಡರ್‌ನಲ್ಲಿ ಕೂರುತ್ತವೆ. ಆಗ ಪಾಸ್‌ವರ್ಡ್ ಕೇಳುವುದೇ ಇಲ್ಲ! ಹಾಗಾಗಿ ನಿಮ್ಮ ಖಾತೆಯಿಂದ ಸೆಟ್ಟಿಂಗ್ಸ್ > ಆಪ್ಸ್ > ಅಡ್ವಾನ್ಸ್ಡ್ ಆಪ್ ಸೆಟ್ಟಿಂಗ್ಸ್‌ಗೆ ಹೋಗಿ ‘ದಿ ಮೈಕ್ರೋಸಾಫ್ಟ್ ಸ್ಟೋರ್ ಓನ್ಲಿ’ (ಮೈಕ್ರೋಸಾಫ್ಟ್‌ನ ಆಪ್ ಅಂಗಡಿಯಿಂದ ಮಾತ್ರ) ಆರಿಸಿ. ಪೆನ್‌ಡ್ರೈವ್‌ನಲ್ಲಿ ತಂದ ಫೈಲ್ ಇದನ್ನೂ ದಾಟಬಹುದು, ಅದರ ಮೇಲೆ ಕಣ್ಣಿಡಿ. ಸ್ಟೋರ್‌ನ ಆಪ್‌ಗಳಿಗೆ ಮೈಕ್ರೋಸಾಫ್ಟ್‌ನದೇ ಪೋಷಕರ ನಿಯಂತ್ರಣ ಸೇವೆ ಫ್ಯಾಮಿಲಿ ಸೇಫ್ಟಿಯಲ್ಲಿ ವಯಸ್ಸಿನ ಮಿತಿ ಹಾಕಬಹುದು.