ಸೈಲೆನ್ಸರ್ ಬದಲಿಸುವ ಮುನ್ನ

ಮಾನ್ಯ ಸಂಪಾದಕರೇ,

ಬೈಕುಗಳ ಕಿವಿಗಡಚಿಕ್ಕುವ ಸದ್ದಿನ ಬಗ್ಗೆ ನಿಮ್ಮ ಪತ್ರಿಕೆಗೆ ಓದುಗರು ಬರೆಯುತ್ತಲೇ ಇದ್ದಾರೆ. ಹೋದ ವಾರ ಯುವಕರೊಬ್ಬರು ಅದಕ್ಕೆ ಕೊಟ್ಟ ಉತ್ತರವನ್ನು ಎರಡು ಸಲ ಓದಿದೆ. ಕಂಪನಿ ಸೈಲೆನ್ಸರ್ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ, ಹೊರಗಡೆ ಸಿಗುವುದನ್ನು ಹಾಕಿಸಿದರೆ ಗಾಡಿ ‘ಫ್ರೀ’ ಆಗಿ ಎಳೆಯುತ್ತದೆ, ಸದ್ದು ಅದರ ಜೊತೆಗೇ ಬರುವಂಥದ್ದು ಎಂದು ಅವರು ಬರೆದಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಾಡಿಯ ಮೇಲೆ ಪ್ರೀತಿ ಇರುವವರೇ ಹೀಗೆ ಬರೆಯುವುದು. ಆದರೆ ಆ ಮಾತನ್ನು ನಂಬಿ ದುಡ್ಡು ಕಳೆದುಕೊಂಡ ಹುಡುಗರನ್ನು ನಾನು ಪ್ರತಿ ತಿಂಗಳೂ ನೋಡುತ್ತಿರುವುದರಿಂದ ಈ ಪತ್ರ.

ನಾನು ಸೇನೆಯ ವಾಹನ, ಯಂತ್ರಗಳ ರಿಪೇರಿ ನೋಡಿಕೊಳ್ಳುವ ಇಎಂಇ ವಿಭಾಗದಲ್ಲಿ ವಾಹನ ಮೆಕ್ಯಾನಿಕ್ ಆಗಿದ್ದು, ಹವಾಲ್ದಾರನಾಗಿ ನಿವೃತ್ತನಾದವನು. ಊರಿಗೆ ಬಂದ ಮೇಲೆ ಕೊಡಗಿನ ಸಿದ್ದಾಪುರದ ರಸ್ತೆ ಬದಿಯಲ್ಲಿ ಸಣ್ಣ ಶೆಡ್ ಹಾಕಿಕೊಂಡು ರಿಪೇರಿ ಕೆಲಸ ಮಾಡುತ್ತಿದ್ದೇನೆ. ಸೈಲೆನ್ಸರ್ ಎಂದರೇನು ಎಂಬುದು ನನಗೆ ನಿಜವಾಗಿ ತಿಳಿದದ್ದು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ, ಹಿಮದ ಮೇಲೆ ಓಡುವ ಸ್ನೋ ಸ್ಕೂಟರ್ ಬಿಚ್ಚುವಾಗ. ಸಿಯಾಚಿನ್, ಕಾಶ್ಮೀರ ನೋಡಿ ಬಂದ ನಮ್ಮ ಜಿಲ್ಲೆಯ ಯೋಧರಲ್ಲಿ ಹಲವರಿಗೆ ಆ ಯಂತ್ರ ಗೊತ್ತು. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಟ್ರ್ಯಾಕ್, ನಡುವೆ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಗೇರ್ ಇಲ್ಲ, ನಮ್ಮ ಸ್ಕೂಟಿಯ ಹಾಗೆ ಬೆಲ್ಟ್ ಮೇಲೆ ಓಡುತ್ತದೆ.

ಒಂದು ದಿನ ನಮ್ಮ ಉಸ್ತಾದ್ ಗುಜರಿಗೆ ಹಾಕಿದ್ದ ಎಕ್ಸಾಸ್ಟ್ ಪೈಪೊಂದನ್ನು ವೈಸ್‌ಗೆ ಕಚ್ಚಿಸಿ, ಹ್ಯಾಕ್ಸಾ ಕೊಟ್ಟು ಉದ್ದಕ್ಕೆ ಸೀಳಲು ಹೇಳಿದರು. ಮೊದಲು ಕಿರಿದಾಗಿ, ನಡುವೆ ಹೊಟ್ಟೆ ಉಬ್ಬಿ, ಕೊನೆಗೆ ಮತ್ತೆ ಕಿರಿದಾಗುವ ಪೈಪು. ಸೀಳಿ ನೋಡಿದರೆ ಒಳಗೆ ಏನೂ ಇಲ್ಲ. ಜಾಲರಿ ಇಲ್ಲ, ಸದ್ದು ಹೀರುವ ಗ್ಲಾಸ್ ವೂಲ್ (ಗಾಜಿನ ನಾರು) ಇಲ್ಲ, ಬರೀ ಮಸಿ ಹಿಡಿದ ತಗಡು. ಸದ್ದು ತಗ್ಗಿಸುವ ಡಬ್ಬಿ ಇದರ ಮುಂದೆ ಬೇರೆಯೇ ಕೂರುತ್ತದೆ. ‘ಹಾಗಾದರೆ ಇದೇಕೆ ಬೇಕು’ ಎಂದು ಕೇಳಿದ್ದಕ್ಕೆ ಉಸ್ತಾದ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದರು. ಸುಟ್ಟ ಗಾಳಿ ಹೊರಬಿದ್ದಾಗ ಒತ್ತಡದ ಅಲೆಯೊಂದು ಪೈಪಿನೊಳಗೆ ಓಡುತ್ತದೆ. ಅಗಲವಾಗುವ ಭಾಗ ಬಂದಾಗ ಅದರಿಂದ ಎಳೆಯುವ ಅಲೆ ಹಿಂದಿರುಗಿ ಸಿಲಿಂಡರನ್ನು ಖಾಲಿ ಮಾಡುತ್ತದೆ. ಆ ಎಳೆತಕ್ಕೆ ಸ್ವಲ್ಪ ಹೊಸ ಪೆಟ್ರೋಲ್ ಗಾಳಿಯೂ ಪೈಪಿಗೆ ಬಂದುಬಿಡುತ್ತದೆ. ಕಿರಿದಾಗುವ ತುದಿಗೆ ಬಡಿದ ಅಲೆ ವಾಪಸು ಬಂದು, ಸಿಲಿಂಡರಿನ ಹೊರದಾರಿಯಾದ ಪೋರ್ಟ್ ಮುಚ್ಚುವುದರೊಳಗೆ ಅದನ್ನು ಸಿಲಿಂಡರಿಗೆ ತಳ್ಳಬೇಕು. ಸ್ವಲ್ಪ ಮೊದಲು ಬಂದರೂ ತಡವಾಗಿ ಬಂದರೂ ಕೆಲಸ ಕೆಟ್ಟಿತು. ಎಷ್ಟು ಆರ್‌ಪಿಎಂನಲ್ಲಿ (ಎಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ) ಈ ಲೆಕ್ಕ ಕೂಡಿಬರಬೇಕು ಎಂಬುದನ್ನು ಪೈಪಿನ ಉದ್ದವೇ ತೀರ್ಮಾನಿಸುತ್ತದೆ. ಪೈಪಿನ ಕಾವೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಬಿಸಿ ಗಾಳಿಯಲ್ಲಿ ಅಲೆಯ ವೇಗ ಹೆಚ್ಚು. ಚಳಿಯಲ್ಲಿ ಪೈಪು ಕಾಯುವ ತನಕ ಆ ಗಾಡಿ ಪೂರ್ತಿ ಎಳೆಯುತ್ತಲೇ ಇರಲಿಲ್ಲ.

ಅದೇ ಚಳಿಗಾಲದಲ್ಲಿ ಪ್ರವಾಸಿಗರನ್ನು ಕೂರಿಸಿ ಓಡಿಸುವ ಅಲ್ಲಿಯವನೊಬ್ಬ ಹೊರದೇಶದ ಪೈಪು ತರಿಸಿ ತನ್ನ ಯಂತ್ರಕ್ಕೆ ಹಾಕಿಸಿದ್ದ. ಸದ್ದು ಇಡೀ ಇಳಿಜಾರಿಗೆ ಕೇಳುತ್ತಿತ್ತು, ಆದರೆ ಇಬ್ಬರು ಕೂತರೆ ಏರು ಹತ್ತುತ್ತಿರಲಿಲ್ಲ. ಪೈಪಿನ ಬಲವೆಲ್ಲ ಮೇಲಿನ ಆರ್‌ಪಿಎಂನಲ್ಲಿತ್ತು. ಬೆಲ್ಟ್ ಕ್ಲಚ್ಚಿನ ತೂಕ, ಸ್ಪ್ರಿಂಗ್ ಹಳೆಯವೇ ಇದ್ದುದರಿಂದ ಎಂಜಿನ್ ಅಷ್ಟು ಎತ್ತರಕ್ಕೆ ಹೋಗುವುದರೊಳಗೇ ಕ್ಲಚ್ ಹಿಡಿದುಬಿಡುತ್ತಿತ್ತು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟನ್ನೂ ಬದಲಿಸಿರಲಿಲ್ಲ. ಉಸ್ತಾದ್ ಅವನಿಗೆ ಕೇಳಿದ್ದು ಇಷ್ಟೇ: ‘ಪೈಪಿನ ಜೊತೆ ಸೆಟ್ಟಿಂಗ್ ಚೀಟಿ ಕೊಟ್ಟಿದ್ದಾರಾ?’ ಯಾವ ಎತ್ತರಕ್ಕೆ, ಎಷ್ಟು ಚಳಿಗೆ ಯಾವ ಜೆಟ್, ಕ್ಲಚ್ಚಿಗೆ ಯಾವ ತೂಕ ಎಂದು ಬರೆದ ಚೀಟಿ. ಕೊಟ್ಟಿರಲಿಲ್ಲ. ಗುಲ್ಮಾರ್ಗ್ 8,500 ಅಡಿಗೂ ಮೇಲಿದೆ, ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲು ಭಾಗ ಕಡಿಮೆ. ಅಲ್ಲಿ ಚೀಟಿ ಇಲ್ಲದ ಪೈಪಿಗೆ ಬೆಲೆಯೇ ಇಲ್ಲ. ಯಾರು ಬಂದು ಎಕ್ಸಾಸ್ಟ್ ಕೇಳಿದರೂ ನಾನು ಇವತ್ತಿಗೂ ಮೊದಲು ಕೇಳುವುದು ಆ ಚೀಟಿಯನ್ನೇ.

ಹಿಮದ ಪಾಠ ಕೊಡಗಿಗೆ ಏಕೆ ಎನ್ನಬಹುದು. ನನ್ನ ಶೆಡ್ಡಿನ ಕಿಟಕಿಯಲ್ಲಿ ನಡುವೆ ಬೆರಳು ತೂರುವಷ್ಟು ತೂತಾದ ಒಂದು ಪಿಸ್ಟನ್ ಇಟ್ಟಿದ್ದೇನೆ. ಅದು ನಮ್ಮ ಕಡೆಯ ಹುಡುಗನೊಬ್ಬನ ಆರ್‌ಎಕ್ಸ್ 100ರದ್ದು. ಅಪ್ಪನ ಕಾಲದ ಟೂ ಸ್ಟ್ರೋಕ್ ಬೈಕು, ಜೀವ ಇಟ್ಟುಕೊಂಡಿದ್ದ. ಹೊರಗಿನ ಪೈಪು ಹಾಕಿಸಿ, ಮಡಿಕೇರಿಯಲ್ಲಿ ಟ್ಯೂನ್ ಮಾಡಿಸಿ, ಗೆಳೆಯರೊಂದಿಗೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೊರಟ. ಮಡಿಕೇರಿ ಸುಮಾರು 3,800 ಅಡಿ ಎತ್ತರದಲ್ಲಿದೆ. ಕೆಳಗೆ ಇಳಿದಂತೆ ಗಾಳಿ ದಟ್ಟವಾಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಜೆಟ್ಟಿನಿಂದ ಬರುವುದಿಲ್ಲ. ಹೊಸ ಪೈಪು ಮೊದಲೇ ಹೆಚ್ಚು ಗಾಳಿ ಎಳೆಯುತ್ತಿತ್ತು. ಸುಳ್ಯ ದಾಟಿ ಸಪಾಟು ರಸ್ತೆಯಲ್ಲಿ ಪೂರ್ತಿ ತಿರುಚಿದ್ದಾನೆ, ಪೆಟ್ರೋಲ್ ಸಾಲದೆ ಏರಿದ ಕಾವಿಗೆ ಪಿಸ್ಟನ್ನಿನ ತಲೆ ಕರಗಿ ತೂತಾಯಿತು. ಅದೃಷ್ಟಕ್ಕೆ ಹಿಂದಿನ ಚಕ್ರ ಬಿಗಿದುಕೊಳ್ಳುವ ಮುಂಚೆ ಕ್ಲಚ್ ಹಿಡಿದ. ಹೊರಡುವ ಮುನ್ನ ಪ್ಲಗ್ ಬಿಚ್ಚಿ ನೋಡಿದ್ದರೆ ಗೊತ್ತಾಗುತ್ತಿತ್ತು. ಪ್ಲಗ್ಗಿನ ತುದಿ ಹಾಲು ಹಾಕಿದ ಕಾಫಿಯ ಬಣ್ಣಕ್ಕಿರಬೇಕು. ಅವನದು ಸುಣ್ಣದ ಹಾಗೆ ಬಿಳುಚಿಕೊಂಡಿತ್ತು.

ಈಗ ಬರುವ ಗಾಡಿಗಳೆಲ್ಲ ಬಹುತೇಕ ಫೋರ್ ಸ್ಟ್ರೋಕ್, ಅಲೆಯ ಆಟ ಅಷ್ಟು ತೀವ್ರವಲ್ಲ. ಹಾಗೆಂದು ಸೈಲೆನ್ಸರ್ ಬದಲಿಸಿದರೆ ಬಲ ಬರುತ್ತದೆಯೇ? ಆ ಯುವಕರು ಬರೆದಿದ್ದರಲ್ಲಿ ನಿಜ ಇರುವುದು ಇಲ್ಲಿ: ತೂಕ ಕಡಿಮೆಯಾಗುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಗುಣ ಕಾಣಬಹುದು. ಆದರೆ ನಮ್ಮ ರಸ್ತೆಯಲ್ಲಿ ಮೇಲಿನ ಆರ್‌ಪಿಎಂ ಎಲ್ಲಿ ಸಿಗುತ್ತದೆ? ಎರಡನೇ ಗೇರಿನಲ್ಲಿ ತಿರುವು ಹತ್ತುವಾಗ ಬೇಕಾದ ಕೆಳಗಿನ ಎಳೆತವೇ ಬಾಯಿಬಿಟ್ಟ ಸೈಲೆನ್ಸರಿನಲ್ಲಿ ಕಡಿಮೆಯಾಗುವುದು. ಥ್ರಾಟಲ್ ಬಿಟ್ಟಾಗ ಬರುವ ಪಟಪಟ ಸದ್ದನ್ನು ಹುಡುಗರು ಬಲ ಎಂದುಕೊಳ್ಳುತ್ತಾರೆ. ಅದು ಒಳಗೆ ಉರಿಯದ ಪೆಟ್ರೋಲ್ ಪೈಪಿನಲ್ಲಿ ಉರಿಯುವ ಸದ್ದು.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಇನ್ನೂ ಒಂದು ವಿಷಯವಿದೆ. ಕೆಲವಲ್ಲಿ ಎಂಜಿನ್ನಿನಿಂದ ಹೊರಡುವ ಬೆಂಡ್ ಪೈಪಿನಲ್ಲಿ, ಕೆಲವಲ್ಲಿ ಸೈಲೆನ್ಸರಿನ ಹೊಟ್ಟೆಯಲ್ಲಿ ಜೇನುಗೂಡಿನಂಥ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ದುಬಾರಿ ವಸ್ತು ಅದು. ಹೊಗೆಯಲ್ಲಿರುವ ವಿಷವನ್ನು ಕಡಿಮೆ ಮಾಡುವುದೇ ಅದರ ಕೆಲಸ. ಬೆಂಡ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಗಾಡಿಯ ಕಂಪ್ಯೂಟರ್) ಪೆಟ್ರೋಲ್ ಅಳತೆ ಸರಿಮಾಡುತ್ತದೆ. ಅಂಗಡಿಯಲ್ಲಿ ಪೂರ್ತಿ ಸಿಸ್ಟಂ ಕೊಳ್ಳುವಾಗ ಸೆನ್ಸರಿಗೆ ಜಾಗ ಇದೆಯೇ, ಕನ್ವರ್ಟರ್ ಇದೆಯೇ ಎಂದು ಎಷ್ಟು ಜನ ಕೇಳುತ್ತಾರೆ? ನನ್ನಲ್ಲಿಗೆ ಬರುವವರು ಕೇಳುವುದು ‘ಸೌಂಡ್ ಹೇಗಿದೆ ಅಂಕಲ್’ ಎಂದು ಮಾತ್ರ. ಇಂದೋರಿ, ಪಂಜಾಬಿ, ಮೆಗಾಫೋನ್ ಎಂದು ಹೆಸರು ಹೇಳಿ ಮಾರುವವರು ಡೆಸಿಬೆಲ್ ಎಷ್ಟೆಂದು ಬರೆದುಕೊಡುವುದಿಲ್ಲ. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ‘ರೇಸ್ ಟ್ರ್ಯಾಕ್ ಬಳಕೆಗೆ ಮಾತ್ರ’ ಎಂದಿದ್ದರೆ ಅದು ಸಿದ್ದಾಪುರದ ರಸ್ತೆಗಲ್ಲ. ಇನ್ನು ತಗಡು ಎಷ್ಟು ತೆಳುವೆಂದರೆ ನಮ್ಮ ಒಂದು ಮಳೆಗಾಲಕ್ಕೆ ಬೆಸುಗೆಯ ಬಾಯಲ್ಲಿ ತುಕ್ಕು ಹಿಡಿಯುತ್ತದೆ. ಒಳಗಿನ ಗ್ಲಾಸ್ ವೂಲ್ ಉರಿದು ಹೋದಂತೆ ಸದ್ದು ಇನ್ನೂ ಏರುತ್ತದೆ.

ಬದಲಿಸಲೇಬೇಕೆಂದಿದ್ದರೆ, ಹಳೆಯದು ತುಕ್ಕು ತಿಂದಿದ್ದರೆ, ಗಾಡಿ ತಯಾರಿಸಿದವರೇ ಆ ಮಾಡೆಲ್‌ಗೆಂದು ಕೊಡುವುದನ್ನು ತೆಗೆದುಕೊಳ್ಳಿ. ತಿರುಪು ಬಿಚ್ಚಿದರೆ ಹೊರಬರುವ ಡಿಬಿ ಕಿಲ್ಲರ್ (ಸದ್ದು ತಗ್ಗಿಸಲು ಸೈಲೆನ್ಸರಿನ ಬಾಯಿಗೆ ತೂರಿಸುವ ತುಂಡು) ನಂಬಿ ಕೊಳ್ಳಬೇಡಿ. ಅದು ಅಂಗಡಿಯಿಂದ ಮನೆಗೆ ಬರುವುದರೊಳಗೆ ಜೇಬಿಗೆ ಸೇರಿರುತ್ತದೆ.

ಕಾನೂನಿನ ಮಾತು ಚುಟುಕಾಗಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. 175 ಸಿಸಿ ಮೀರಿದ ಬೈಕು ತಯಾರಾಗುವಾಗ ಪಕ್ಕದಲ್ಲಿ ಹಾದುಹೋಗುವ ಪರೀಕ್ಷೆಯಲ್ಲಿ 80 ಡೆಸಿಬೆಲ್ ದಾಟುವಂತಿಲ್ಲ. ಶಬ್ದದ ಮಿತಿ ಮೀರಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ ಬೀಳಬಹುದು, 3 ತಿಂಗಳು ಲೈಸೆನ್ಸ್ ಅನರ್ಹವಾಗುತ್ತದೆ. ಅಮೆರಿಕದಲ್ಲಿ ಜನವಸತಿ ಇಲ್ಲದ ಹಿಮದ ಕಾಡಿನಲ್ಲಿ ಓಡುವ ಸ್ನೋ ಸ್ಕೂಟರಿಗೂ 1975ರಿಂದ ಮಿತಿ ಇದೆ: ಪೂರ್ತಿ ಥ್ರಾಟಲ್‌ನಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್. ಡೆಸಿಬೆಲ್ 10 ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಇಮ್ಮಡಿಯಾಗಿ ಕೇಳುತ್ತದೆ ಎಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ತಿಳಿದೂ ನಾನು ಎರಡು ವರ್ಷ ಇಂಥ ಸೈಲೆನ್ಸರ್‌ಗಳನ್ನು ಹಾಕಿಕೊಟ್ಟೆ. ಕೂಲಿ ಚೆನ್ನಾಗಿತ್ತು. ನಿಲ್ಲಿಸಿದ್ದು ನಮ್ಮ ಪಕ್ಕದ ತೋಟದಲ್ಲಿ ಕೆಲಸ ಮಾಡುವ ಹೆಂಗಸೊಬ್ಬರ ಮಾತಿನಿಂದ. ಹಲಸು ಹಣ್ಣಾಗುವ ಕಾಲ. ಬೆಳಿಗ್ಗೆ ಏಳಕ್ಕೆ ಬುತ್ತಿ ಹಿಡಿದು ನಾಲ್ಕೈದು ಜನ ರಸ್ತೆ ಬದಿಯಲ್ಲಿ ನಡೆದು ಹೋಗುತ್ತಾರೆ. ಬೇಲಿಯ ಆಚೆ ಆನೆ ಇದೆಯೋ ಇಲ್ಲವೋ ಎಂಬುದನ್ನು ಅವರು ಮಂಜಿನಲ್ಲಿ ಕಣ್ಣಿನಿಂದ ನೋಡಲಾಗುವುದಿಲ್ಲ, ಕಿವಿಯಿಂದಲೇ ತಿಳಿಯಬೇಕು. ಕೊಂಬೆ ಮುರಿದ ಸದ್ದು, ಒಣ ಎಲೆಯ ಮೇಲೆ ಕಾಲಿಟ್ಟ ಸದ್ದು, ಕಿವಿ ಬೀಸಿದ ಸದ್ದು. ಆ ದಿನ ಅವರು ನನ್ನ ಶೆಡ್ಡಿನ ಮುಂದೆ ನಿಂತು ಹೇಳಿದರು: ‘ಅಣ್ಣಾ, ಆ ಬೈಕ್‌ಗಳು ಹೋದ ಮೇಲೆ ಕಿವಿ ಗುಂಯ್ ಅಂತದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಲ್ಲ. ಆಗಲೇ ನಮಗೆ ಹೆದರಿಕೆ.’ ಮುಂದೆ ಹೋದ ಮೂರು ಗಾಡಿಗಳಲ್ಲಿ ಒಂದರ ಸೈಲೆನ್ಸರ್ ನಾನೇ ಹಾಕಿದ್ದು. ಸದ್ದು ಕೇಳಿಯೇ ಗುರುತಿಸಿದೆ. ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ಕಾಡಿನ ರಸ್ತೆಯಲ್ಲಿ ಆನೆ ಕಂಡಾಗ ಎಂಜಿನ್ ರೇಸ್ ಮಾಡಿ ಓಡಿಸಲು ನೋಡುವವರೂ ಇದ್ದಾರೆ. ಮರಿ ಜೊತೆಗಿರುವ ಆನೆಗೆ ಅದು ಏನು ಅನ್ನಿಸುತ್ತದೆ ಎಂದು ಯೋಚಿಸಿ.

ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಒಂದೇ. ಊರೊಳಗೆ ಹಿಡಿದು ದಂಡ ಹಾಕುವ ಬದಲು ಕುಶಾಲನಗರ, ಸಂಪಾಜೆ, ಮಾಕುಟ್ಟದ ಕಡೆಯಿಂದ ಗಾಡಿಗಳು ಜಿಲ್ಲೆಗೆ ಬರುವಲ್ಲೇ ಶನಿವಾರ ಬೆಳಿಗ್ಗೆ ಶಬ್ದಮಾಪಕ ಹಿಡಿದು ನಿಲ್ಲಲಿ. ಹೋಂಸ್ಟೇ ನಡೆಸುವವರು ಬುಕಿಂಗ್ ಮಾಡುವಾಗಲೇ ಒಂದು ಮಾತು ಹೇಳಲಿ. ನಮ್ಮ ಗ್ಯಾರೇಜಿನವರಲ್ಲೂ ಕೇಳಿಕೊಳ್ಳುತ್ತೇನೆ: ಗಿರಾಕಿ ಬೇರೆ ಕಡೆ ಹೋಗುತ್ತಾನೆಂಬ ಹೆದರಿಕೆ ನನಗೂ ಇತ್ತು, ಕೆಲವರು ಹೋದರು, ಆದರೂ ಶೆಡ್ಡು ನಡೆಯುತ್ತಿದೆ.

ಕಂಪನಿ ಸೈಲೆನ್ಸರ್ ಬಿಚ್ಚಿ ಅಟ್ಟದ ಮೇಲೆ ಇಟ್ಟವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಅದನ್ನು ಗೋಣಿಯಲ್ಲಿ ಸುತ್ತಿ ತನ್ನಿ. ಒಳಗೆ ಇಲಿ ಗೂಡು ಕಟ್ಟಿದ್ದರೆ ತೆಗೆದು, ತುಕ್ಕು ಹಿಡಿದ ಸ್ಟಡ್ ಬಿಡಿಸಿ, ಮೊದಲಿದ್ದ ಹಾಗೆ ಕೂರಿಸಿ ಕೊಡುತ್ತೇನೆ. ಹೊಸ ಗ್ಯಾಸ್ಕೆಟ್ಟಿನ ದುಡ್ಡು ಮಾತ್ರ ಕೊಟ್ಟರೆ ಸಾಕು, ಕೂಲಿ ಬೇಡ. ಭಾನುವಾರವೂ ಶೆಡ್ ತೆರೆದಿರುತ್ತದೆ.

– ನಿವೃತ್ತ ಹವಾಲ್ದಾರ್, ಸಿದ್ದಾಪುರ, ಕೊಡಗು