ಈವ್‌ಶಮ್ ರಸ್ತೆಬದಿಯ ಹಿರಿಯರಿಗೆ

ಇಂಗ್ಲೆಂಡಿನ ಈವ್‌ಶಮ್ ಹತ್ತಿರ ರಸ್ತೆಬದಿಯಲ್ಲಿ ಆಸ್ಪರಾಗಸ್ ಎಂಬ ದಂಟಿನ ತರಕಾರಿ ಮಾರುತ್ತಿದ್ದ ಹಿರಿಯರೇ, ನಿಮಗೆ ತುಂಬಾ ಥ್ಯಾಂಕ್ಸ್. ಅಷ್ಟು ಜನ ಕಾಯುತ್ತಿದ್ದರೂ ನಮ್ಮ ಮಕ್ಕಳ ಕೈಗೆ ಒಂದೊಂದು ದಂಟು ಕೊಟ್ಟು, ಎರಡೂ ತುದಿ ಹಿಡಿದು ಬಗ್ಗಿಸಲು ಹೇಳಿದಿರಿ. ಲಟಕ್ ಅಂತ ಮುರಿಯಿತು. ಅಲ್ಲಿಂದ ಮೇಲಿನದು ಎಳಸು, ಕೆಳಗಿನದು ನಾರು. ಬೆಂಡೆಕಾಯಿ ತುದಿ ಮುರಿದು ನೋಡುವ ನಮ್ಮಮ್ಮನ ಹಾಗೇ, ಅಲ್ವಾ!

ಏಪ್ರಿಲ್ 23ರ ಸೇಂಟ್ ಜಾರ್ಜ್ ದಿನದ ಹೊತ್ತಿಗೆ ಶುರುವಾಗುವ ಕೊಯ್ಲು ಜೂನ್ 21ರ ಸುಮಾರಿಗೆ ನಿಲ್ಲುತ್ತದೆ, ಆಮೇಲೆ ಗಿಡ ಸೊಂಪಾಗಿ ಬೆಳೆದು ಬೇರಿಗೆ ಬಲ ತುಂಬಿಕೊಳ್ಳಬೇಕು ಎಂದೂ ವಿವರಿಸಿದಿರಿ. ಇಷ್ಟು ತಾಳ್ಮೆ ಯಾರಿಗಿರುತ್ತೆ?

ರಾತ್ರಿ ಬೆಣ್ಣೆಯಲ್ಲಿ ಬಾಡಿಸಿ ತಿಂದೆವು. ಉಳಿದದ್ದಕ್ಕೆ ಅತ್ತೆ ತೆಂಗಿನತುರಿ ಹಾಕಿ ಪಲ್ಯ ಮಾಡಿದರು. ತರಕಾರಿ ಅಂದರೆ ಮುಖ ತಿರುಗಿಸುವ ಮಗಳು ಇನ್ನೊಮ್ಮೆ ಬಡಿಸಿಕೊಂಡಳು. ಕೊಯ್ಲು ಮುಗಿಯುವ ಮೊದಲು ಮತ್ತೆ ಬರುತ್ತೇವೆ, ಅತ್ತೆಯನ್ನೂ ಕರೆದುಕೊಂಡು.