ಇನ್ನು ಮುಂದೆ ಮೊದಲು ದೇಶ, ಆಮೇಲೆ ದಾಖಲೆ

ಮಾನ್ಯ ಗ್ರಾಹಕರೇ,

ವಿದೇಶದಲ್ಲಿ ತೋರಿಸಬೇಕಾದ ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ, ಅಂಕಪಟ್ಟಿಗಳ ದೃಢೀಕರಣಕ್ಕೆ ಹಾಸನದ ನಮ್ಮ ಸಹಕಾರ ಸಂಘ ಇಷ್ಟು ದಿನ ಎಲ್ಲರಿಗೂ ಒಂದೇ ದರ ಹಾಕುತ್ತಿತ್ತು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಆ ಪದ್ಧತಿ ಇರುವುದಿಲ್ಲ. ಕಾಗದ ಯಾವ ದೇಶಕ್ಕೆ ಹೋಗುತ್ತದೋ ಆ ದೇಶದ ದರ. ಹಾಗಾಗಿ "ಸುಮ್ಮನೆ ಮಾಡಿಸಿಡಿ, ವೀಸಾ ಆಮೇಲೆ ನೋಡೋಣ" ಎಂದು ಯಾರಾದರೂ ಬಂದರೆ ಮೂಲ ದಾಖಲೆ ತೆಗೆದುಕೊಳ್ಳುವುದಿಲ್ಲ.

ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಸುಲಭವಾಗಿ ಒಪ್ಪಲೆಂದು ಮಾಡಿಕೊಂಡ 1961ರ ಹೇಗ್ ಒಪ್ಪಂದದಲ್ಲಿರುವ ದೇಶಗಳಿಗೆ ಸಾಮಾನ್ಯವಾಗಿ ಅಪೊಸ್ಟಿಲ್ (ಪತ್ರದ ಸಹಿ, ಮೊಹರು ಅಸಲಿ ಎಂದು ಸರ್ಕಾರ ಅಂಟಿಸುವ ಚೀಟಿ) ಸಾಕು. ಭಾರತಕ್ಕೆ ಈ ಒಪ್ಪಂದ 2005ರ ಜುಲೈ 14ರಿಂದ ಅನ್ವಯ. ಮೊದಲು ರಾಜ್ಯದ ಇಲಾಖೆಯಲ್ಲಿ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಚೀಟಿ, ಅಲ್ಲಿಗೆ ಮುಗಿಯಿತು. ಒಪ್ಪಂದದಲ್ಲಿಲ್ಲದ ದೇಶವಾದರೆ ಸಚಿವಾಲಯದ ಮೊಹರಾದ ಮೇಲೂ ಆ ದೇಶದ ರಾಯಭಾರ ಕಚೇರಿಗೆ ಹೋಗಬೇಕು. ದುಡ್ಡು ಕರಗುವುದು ಅಲ್ಲೇ.

ಗಲ್ಫ್ ಎಂದರೆ ಎಲ್ಲ ಒಂದೇ ಅಲ್ಲ. ಒಮಾನ್ 2012ರಲ್ಲಿ, ಬಹ್ರೇನ್ 2013ರಲ್ಲಿ ಅಪೊಸ್ಟಿಲ್ ಪಟ್ಟಿಗೆ ಬಂದವು. ಸೌದಿ ಅರೇಬಿಯಾ 2022ರ ಡಿಸೆಂಬರ್‌ನಲ್ಲಿ ಬಂತು. ದುಬೈ, ಅಬುಧಾಬಿ, ಕತಾರ್, ಕುವೈತ್‌ಗೆ ರಾಯಭಾರ ಕಚೇರಿಯ ಹಳೆಯ ದಾರಿಯೇ. ಕೆನಡಾ 2024ರ ಜನವರಿಯಲ್ಲಿ ಸೇರಿತು. ಸೌದಿಗೆ ಹೋಗುವ ಸಕಲೇಶಪುರದ ಹುಡುಗ ದುಬೈಗೆ ಹೋಗುವವನ ರಾಯಭಾರ ಕಚೇರಿ ಶುಲ್ಕದಲ್ಲಿ ಪಾಲು ಕೊಡುವುದು ಯಾವ ನ್ಯಾಯ ಎಂದು ಆಡಳಿತ ಮಂಡಳಿ ಸಭೆಯಲ್ಲಿ ಪ್ರಶ್ನೆ ಬಂತು. ಅದಕ್ಕೆ ಉತ್ತರವಿರಲಿಲ್ಲ.

ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟಿರುವವರು ಗಮನಿಸಿ. ಜರ್ಮನಿ ಒಪ್ಪಂದದಲ್ಲಿದೆ ನಿಜ, ಆದರೆ ಭಾರತದ ಸೇರ್ಪಡೆಗೆ ಆಕ್ಷೇಪ ಹಾಕಿದೆ. ಇಲ್ಲಿನ ಅಪೊಸ್ಟಿಲ್ ಅಲ್ಲಿ ನಡೆಯದು. ಅಲ್ಲಿನ ಕಚೇರಿ ಏನು ಕೇಳುತ್ತದೆ ಎಂದು ಬರಹದಲ್ಲಿ ತರಿಸಿಕೊಂಡು ಬನ್ನಿ. ಏಜೆಂಟರ ಬಾಯಿಮಾತು ಬೇಡ.

ರಸೀದಿಯೂ ಬದಲಾಗುತ್ತದೆ. ಸರ್ಕಾರದ ಶುಲ್ಕ, ಹೊರಗುತ್ತಿಗೆ ಏಜೆನ್ಸಿಯ ಶುಲ್ಕ, ನಮ್ಮ ಸೇವಾ ಶುಲ್ಕ, ಕೊರಿಯರ್ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಅಪೊಸ್ಟಿಲ್‌ಗೆ ಸಚಿವಾಲಯ ತೆಗೆದುಕೊಳ್ಳುವುದು ದಾಖಲೆಯೊಂದಕ್ಕೆ 50 ರೂಪಾಯಿ ಮಾತ್ರ. ಉಳಿದದ್ದು ಯಾವುದಕ್ಕೆ ಹೋಯಿತು ಎಂದು ಕೇಳುವ ಹಕ್ಕು ನಿಮ್ಮದು.

ನಮ್ಮ ಕೌಂಟರಿನಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಹೆಸರಿನ ತಕರಾರು. ಅಂಕಪಟ್ಟಿಯಲ್ಲಿ "ಮಂಜುನಾಥ ಎಚ್.ಕೆ.", ಪಾಸ್‌ಪೋರ್ಟಿನಲ್ಲಿ "ಹೊಸಹಳ್ಳಿ ಕೃಷ್ಣೇಗೌಡ ಮಂಜುನಾಥ್", ಜನನ ಪ್ರಮಾಣಪತ್ರದಲ್ಲಿ ಬರೀ "ಮಂಜು". ನಮ್ಮ ಕಡೆ ಇವರು ಮೂವರೂ ಒಬ್ಬರೇ ಎಂದು ಇಡೀ ಊರು ಸಾಕ್ಷಿ ಹೇಳುತ್ತದೆ. ಹೊರದೇಶದ ಗುಮಾಸ್ತ ಒಪ್ಪುವುದಿಲ್ಲ. ಪತ್ರದ ಮೇಲಿರುವ ಸಹಿ, ಸಹಿ ಹಾಕಿದವರ ಹುದ್ದೆ, ಮೊಹರು ಅಸಲಿ ಎಂದಷ್ಟೇ ಅಪೊಸ್ಟಿಲ್ ಹೇಳುತ್ತದೆ. ಒಳಗೆ ಬರೆದದ್ದು ಸರಿಯೇ ಎಂಬುದು ಅದಕ್ಕೆ ಸಂಬಂಧವಿಲ್ಲ. ತಪ್ಪು ಹೆಸರಿನ ಪತ್ರಕ್ಕೂ ಚೀಟಿ ಅಂಟುತ್ತದೆ, ಹೆಸರು ತಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದ ಇನ್ನು ಮುಂದೆ ಪಾಸ್‌ಪೋರ್ಟ್ ಪ್ರತಿಯೊಂದಿಗೆ ಹೆಸರು ತಾಳೆ ನೋಡಿದ ಮೇಲೆಯೇ ಹಣ ಕಟ್ಟಿಸಿಕೊಳ್ಳುತ್ತೇವೆ. ವ್ಯತ್ಯಾಸವಿದ್ದರೆ ಪತ್ರ ಕೊಟ್ಟ ಕಚೇರಿಯಲ್ಲೇ ಮೊದಲು ತಿದ್ದಿಸಬೇಕು.

ಲ್ಯಾಮಿನೇಶನ್ ಮಾಡಿಸಿದ ದಾಖಲೆಗಳನ್ನೂ ತೆಗೆದುಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಮೇಲೆ ಮೊಹರಿನ ಶಾಯಿ ನಿಲ್ಲದು. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟು ಬಿಡಿಸಲು ಹೋಗಬೇಡಿ, ಅಕ್ಷರಗಳೂ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬರುತ್ತವೆ. ಜನನ ಪ್ರಮಾಣಪತ್ರವಾದರೆ ನೋಂದಣಿ ಕಚೇರಿಯಿಂದ ಹೊಸ ಪ್ರತಿ ತೆಗೆಸುವುದೇ ಸುಲಭ.

ಸೌದಿ, ಕೆನಡಾಗೆಂದು ಈಗಾಗಲೇ ಹಳೆಯ ದರ ಕಟ್ಟಿ, ದಾಖಲೆ ಇನ್ನೂ ಬೆಂಗಳೂರಿಗೆ ಹೋಗಿರದಿದ್ದರೆ ಹೆಚ್ಚುವರಿ ಹಣ ವಾಪಸ್ ಕೊಡುತ್ತೇವೆ. ಹಳೆಯ ರಸೀದಿ ತನ್ನಿ. ರಸೀದಿ ಕಳೆದಿದ್ದರೆ ದಾಖಲೆ ಕೊಟ್ಟವರೇ ಗುರುತಿನ ಚೀಟಿಯೊಂದಿಗೆ ಬರಬೇಕು, ಪಕ್ಕದ ಮನೆಯವರನ್ನು ಕಳಿಸಬೇಡಿ. ಹೊಸ ದರಪಟ್ಟಿ ಕೌಂಟರ್ ಪಕ್ಕದ ಗೋಡೆಗೆ ಹಚ್ಚಿದೆ.

ಇತಿ,
ವ್ಯವಸ್ಥಾಪಕರು, ಹಾಸನ